ಅಟ್ಟದ ಮೇಲಿನ ಹಗೇವು: ಕಳೆದುಹೋದ ವಿಡಿಯೊ ಗೇಮನ್ನು ಹೊರತೆಗೆಯುವ ಬಗೆ

ಕೃಷ್ಣೆಗೆ ವಾರಣಾ ಬಂದು ಕೂಡುವ ಜಾಗದಲ್ಲಿ, ಸಾಂಗ್ಲಿ ಪೇಟೆಗೆ ಅಂಟಿಕೊಂಡಂತೆ ಹರಿಪುರವಿದೆ. ಸಂಗಮೇಶ್ವರನ ಗುಡಿಗೆ ಬಂದವರ ಕಣ್ಣಿಗೆ ಹೊಳೆ ಬೀಳುತ್ತದೆ, ನೆಲದಡಿಯ ಹಗೇವು ಬೀಳುವುದಿಲ್ಲ. ಮರಾಠಿಯಲ್ಲಿ ಅದಕ್ಕೆ ಪೇವ್ ಅನ್ನುತ್ತಾರೆ. ಮನೆಯಲ್ಲಿ ಕನ್ನಡ ಆಡುವ ನಾವು ಹಗೇವು ಅನ್ನುತ್ತೇವೆ. ಬಾಯಿ ಕಿರಿದು, ಹೊಟ್ಟೆ ಅಗಲ. ಸಾಂಗ್ಲಿ ಪೇಟೆಯ ಅರಿಶಿನ ಇಲ್ಲಿನ ಗಟ್ಟಿ ಮಣ್ಣೊಳಗೆ ವರ್ಷಗಟ್ಟಲೆ ಹುಳ ಹಿಡಿಯದೆ ಕೂತಿರುತ್ತಿತ್ತು. 2005ರ ಮಹಾಪೂರದಲ್ಲಿ ಬಹಳಷ್ಟು ಹಗೇವುಗಳಿಗೆ ನೀರು ನುಗ್ಗಿತು. ಒಳಗಿದ್ದ ಅರಿಶಿನದ ಜತೆ ಹಗೇವುಗಳೂ ಹೋದವು.

ಹಗೇವು ತೆಗೆಯುವುದಕ್ಕೆ ಒಂದು ರೀತಿ ಇದೆ. ಬಾಯಿ ಬಿಚ್ಚಿದ ಕೂಡಲೇ ಯಾರೂ ಒಳಗೆ ಇಳಿಯುವುದಿಲ್ಲ. ತಳದಲ್ಲಿ ಕೆಟ್ಟ ಗಾಳಿ ಕೂತಿರುತ್ತದೆ. ಅದು ಹೋಗುವವರೆಗೆ ಕಾಯಬೇಕು, ಉರಿಯುವ ಕಂದೀಲು ಇಳಿಬಿಟ್ಟು ನೋಡಬೇಕು, ಕಂದೀಲು ಆರಿದರೆ ಮತ್ತೆ ಕಾಯಬೇಕು. ಅವಸರ ಮಾಡಿ ಇಳಿದವನನ್ನು ಮೇಲಕ್ಕೆ ಎಳೆಯಲು ಇನ್ನಿಬ್ಬರು ಬೇಕಾಗುತ್ತಾರೆ.

ನಾನು ಹೇಳಹೊರಟದ್ದು ಅರಿಶಿನದ ವಿಷಯವಲ್ಲ, ಹಳೆಯ ವಿಡಿಯೊ ಗೇಮುಗಳದ್ದು. ಆದರೆ ರೀತಿ ಅದೇ. ಮನೆಯ ಅಟ್ಟದ ಮೇಲೆ, ಟ್ರಂಕಿನ ತಳದಲ್ಲಿ, ಮೂವತ್ತು ನಲವತ್ತು ವರ್ಷದಿಂದ ಬಿದ್ದಿರುವ ಒಂದು ಕ್ಯಾಸೆಟ್ ಸಿಕ್ಕಿತು ಅನ್ನಿ. ಸಿಕ್ಕ ಖುಷಿಯಲ್ಲಿ ಪ್ಲೇಯರಿಗೆ ಹಾಕಿ ಗುಂಡಿ ಒತ್ತುತ್ತೇವೆ. ಎಷ್ಟೋ ಸಲ ಆ ಗೇಮು ಸಾಯುವುದು ಆ ಗಳಿಗೆಯಲ್ಲೇ. ಮೂವತ್ತು ವರ್ಷದ ಧೂಳು ಮಾಡದ ಹಾನಿಯನ್ನು ಮೂವತ್ತು ಸೆಕೆಂಡಿನ ಉತ್ಸಾಹ ಮಾಡುತ್ತದೆ.

ಮಿರಜದಲ್ಲಿ ಟೇಪ್ ರೆಕಾರ್ಡರ್ ರಿಪೇರಿ ಮಾಡುವ ಹಿರಿಯರೊಬ್ಬರನ್ನು ಒಮ್ಮೆ ಕೇಳಿದ್ದೆ: "ಮಾಮಾ, ಈ ಕ್ಯಾಸೆಟ್ ಇನ್ನ ಓಡತೈತೇನ್ರೀ?" ಅವರು ಕ್ಯಾಸೆಟ್ಟನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಹೇಳಿದರು: "ಓಡತೈತಿ. ಆದ್ರ ಒಮ್ಮೆನ ಓಡತೈತಿ ಅಂತ ತಿಳಕೊಂಡು ಕೆಲಸಾ ಮಾಡು." ಈ ವಿಷಯದ ಬಗ್ಗೆ ಇದಕ್ಕಿಂತ ಉಪಯೋಗದ ಮಾತನ್ನು ನಾನು ಬೇರೆಲ್ಲೂ ಕೇಳಿಲ್ಲ.

ಮೊದಲು ಒಂದು ಗೊಂದಲ ಬಗೆಹರಿಸಬೇಕು. ನಮ್ಮ ಕಡೆ 'ಕ್ಯಾಸೆಟ್' ಅಂದರೆ ಎರಡು ಬೇರೆ ಬೇರೆ ವಸ್ತು. ಒಂದು, ಹಾಡು ಕೇಳುವ ಟೇಪ್ ಕ್ಯಾಸೆಟ್. 1980ರ ದಶಕದ ಮನೆ ಕಂಪ್ಯೂಟರುಗಳ ಪ್ರೋಗ್ರಾಮು ಇರುತ್ತಿದ್ದುದು ಅದರಲ್ಲಿ. ಇನ್ನೊಂದು, 1990ರ ದಶಕದಲ್ಲಿ ಟಿವಿ ಗೇಮಿಗೆ ಚುಚ್ಚುತ್ತಿದ್ದ ಪ್ಲಾಸ್ಟಿಕ್ ಡಬ್ಬಿ. ಅದರೊಳಗೆ ಟೇಪಿನ ಚೂರೂ ಇಲ್ಲ, ಚಿಪ್ ಇರುವ ಒಂದು ಹಲಗೆ ಅಷ್ಟೇ. ಎರಡಕ್ಕೂ ರೋಗ ಬೇರೆ, ಔಷಧ ಬೇರೆ.

ಇನ್ನು 'ಕಳೆದುಹೋದ ಗೇಮು' ಅಂದರೇನು? ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಇಮ್ಯಾಜಿನ್ ಸಾಫ್ಟ್‌ವೇರ್ ಎಂಬ ಕಂಪನಿ ಇತ್ತು. 1984ರಲ್ಲಿ ಅದು 'ಬ್ಯಾಂಡರ್‌ಸ್ನ್ಯಾಚ್' ಎಂಬ ಮಹಾಗೇಮಿನ ಜಾಹೀರಾತು ಕೊಟ್ಟಿತು. ಸ್ಪೆಕ್ಟ್ರಮ್ ಎಂಬ ಆ ಕಾಲದ ಮನೆ ಕಂಪ್ಯೂಟರಿನ ಶಕ್ತಿ ಸಾಲದು, ಆದ್ದರಿಂದ ಗೇಮಿನ ಜತೆ ಹೆಚ್ಚುವರಿ ಯಂತ್ರಭಾಗವನ್ನೂ ಮಾರುತ್ತೇವೆ ಎಂಬುದು ಅವರ ಲೆಕ್ಕ. ಅದೇ ವರ್ಷ ಜುಲೈನಲ್ಲಿ ಕಂಪನಿಯೇ ಮುಳುಗಿತು. ಸಾಲ ಕೊಟ್ಟವರ ಕಡೆಯವರು ಬಂದು ಬೀಗ ಹಾಕುವಾಗ ಬಿಬಿಸಿ ಟಿವಿಯವರು ಅಲ್ಲೇ ಚಿತ್ರೀಕರಣ ಮಾಡುತ್ತಿದ್ದರು. ಜಾಹೀರಾತು ಉಳಿಯಿತು, ಚಿತ್ರೀಕರಣ ಉಳಿಯಿತು, ಗೇಮು ಮಾತ್ರ ಇಲ್ಲ. ಅದರ ಕೆಲವು ಕಲ್ಪನೆಗಳು ಮುಂದೆ 'ಬ್ರಟಾಕಸ್' ಎಂಬ ಇನ್ನೊಂದು ಗೇಮಿಗೆ ಸೇರಿದವು. ಇಂಥದ್ದನ್ನು ಹುಡುಕುವುದು ಹುಟ್ಟದ ಕೂಸಿನ ಜಾತಕ ಹುಡುಕಿದಂತೆ.

'ಸ್ಟಾರ್ ಫಾಕ್ಸ್ 2' ಇದಕ್ಕೆ ತಿರುಗುಮುರುಗು. ನಿಂಟೆಂಡೊ ಕಂಪನಿಯ ಆ ಗೇಮು 1995ರ ಹೊತ್ತಿಗೆ ಪೂರ್ತಿ ಸಿದ್ಧವಾಗಿತ್ತು. ಅಷ್ಟರಲ್ಲಿ ಪ್ಲೇಸ್ಟೇಷನ್ನಿನಂಥ ಹೊಸ ಯಂತ್ರಗಳು ಬಂದವು, ಇದು ಹಳತಾಗಿ ಕಾಣುತ್ತದೆಂದು ಕಂಪನಿ ತಡೆಹಿಡಿಯಿತು. 22 ವರ್ಷ ಕಪಾಟಿನಲ್ಲಿ ಕೂತು, 2017ರ ಸೆಪ್ಟೆಂಬರಿನಲ್ಲಿ ಸೂಪರ್ ನಿಂಟೆಂಡೊದ ಪುಟ್ಟ ಆವೃತ್ತಿಯೊಳಗೆ ಸೇರಿ ಹೊರಬಂತು. ಹಳೆಯ ನಿಂಟೆಂಡೊ ಯಂತ್ರಕ್ಕೆಂದು 'ಸಿಮ್ ಸಿಟಿ' ಗೇಮನ್ನೂ ಮಾಡಹೊರಟು ಕೈಬಿಟ್ಟಿದ್ದರು. ಅದರ ಮಾದರಿ ಪ್ರತಿ 2017ರಲ್ಲಿ ಸಿಕ್ಕಿ, ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2018ರ ಕೊನೆಗೆ ಅದರೊಳಗಿನ ಮಾಹಿತಿಯನ್ನು ಹೊರತೆಗೆದು ಉಳಿಸಿತು. ಅದೇ ಸಂಸ್ಥೆ 2023ರಲ್ಲಿ ಲೆಕ್ಕ ಹಾಕಿದ್ದು: 2010ಕ್ಕಿಂತ ಮೊದಲು ಅಮೆರಿಕದಲ್ಲಿ ಬಿಡುಗಡೆಯಾದ ಗೇಮುಗಳಲ್ಲಿ ನೂರಕ್ಕೆ 87 ಆಗ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಬಿಡುಗಡೆ ಕಂಡವುಗಳ ಗತಿಯೇ ಹೀಗೆ.

ಜನ ತಪ್ಪಾಗಿ ಕಳೆದುಹೋದ ಗೇಮುಗಳ ಪಟ್ಟಿಗೆ ಸೇರಿಸುವ ಕತೆ ಅಟಾರಿಯದು. 1983ರಲ್ಲಿ ಆ ಕಂಪನಿ ಮಾರಾಟವಾಗದ ತನ್ನ ಸರಕನ್ನು ನ್ಯೂ ಮೆಕ್ಸಿಕೊದ ಅಲಮಗೋರ್ಡೊ ಎಂಬಲ್ಲಿ ಕಸದ ಗುಂಡಿಗೆ ಹಾಕಿ ಮುಚ್ಚಿತು. 2014ರಲ್ಲಿ ಅಗೆದು ತೆಗೆದರು, 'ಇ.ಟಿ.' ಗೇಮಿನ ಡಬ್ಬಿಗಳು ಸಿಕ್ಕವು. ಅದೂ ಒಂದು ಹಗೇವೇ ಬಿಡಿ. ಆದರೆ ಆ ಗೇಮು ಕಳೆದುಹೋಗಿರಲೇ ಇಲ್ಲ. ಲಕ್ಷಗಟ್ಟಲೆ ಮನೆಗಳಲ್ಲಿ ಇತ್ತು.

ನಮ್ಮ ದೇಶದ ಕತೆಯಲ್ಲಿ ಇಷ್ಟು ನಾಟಕವಿಲ್ಲ. 1980ರ ದಶಕದ ಕೊನೆಯಲ್ಲಿ ಪುಣೆಯ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಎಂಬ ಕಂಪನಿ ಇಂಗ್ಲೆಂಡಿನ ಸಿಂಕ್ಲೇರ್ ಸ್ಪೆಕ್ಟ್ರಮ್ಮನ್ನು 'ಡಿಬಿ ಸ್ಪೆಕ್ಟ್ರಮ್' ಎಂಬ ಹೆಸರಲ್ಲಿ ಇಲ್ಲೇ ತಯಾರಿಸಿ ಮಾರಿತು. ಸರ್ಕಾರದ 'ಕ್ಲಾಸ್' ಯೋಜನೆ 1984ರಲ್ಲಿ ಶುರುವಾಗಿ, ಮೊದಲ ಸುತ್ತಿನಲ್ಲಿ ಸುಮಾರು 250 ಶಾಲೆಗಳಿಗೆ ಬಿಬಿಸಿ ಮೈಕ್ರೊ ಕಂಪ್ಯೂಟರುಗಳನ್ನು ಕೊಟ್ಟಿತು. ಈ ಯಂತ್ರಗಳನ್ನು ಆನ್ ಮಾಡಿದರೆ ಬರುತ್ತಿದ್ದುದು ಗೇಮಲ್ಲ, ಬೇಸಿಕ್ ಭಾಷೆಯಲ್ಲಿ ಬರೆಯಲು ಕಾದು ಕೂತ ಖಾಲಿ ಪರದೆ. ಹಾಗಾಗಿ ಬಳಸಿದವರೆಲ್ಲ ಒಂದಿಷ್ಟು ಬರೆದರು. ಹಾವಿನ ಆಟ, ಲೆಕ್ಕದ ಆಟ, ಕ್ರಿಕೆಟ್ ಸ್ಕೋರು. ಬರೆದದ್ದನ್ನು ಹಾಡಿನ ಕ್ಯಾಸೆಟ್ಟಿನ ಮೇಲೋ ಶಾಲೆಯ ಫ್ಲಾಪಿಯ ಮೇಲೋ ಇಟ್ಟರು, ಮರೆತರು. ಅದನ್ನು ಬಿಡುಗಡೆ ಮಾಡಬಹುದೆಂಬ ಯೋಚನೆಯೇ ಅವರಿಗೆ ಇರಲಿಲ್ಲ. ನನ್ನ ಪ್ರಕಾರ ನಾವು ನಿಜವಾಗಿ ಹುಡುಕಬೇಕಾದ 'ಬಿಡುಗಡೆಯಾಗದ ಗೇಮು' ಇದೇ. ವಿದೇಶದ ಮಹಾಗೇಮುಗಳನ್ನು ಹುಡುಕಲು ಅಲ್ಲಿ ಜನ ಇದ್ದಾರೆ.

ಆಮೇಲಿನ ಕಾಲದ ಒಂದು ಉದಾಹರಣೆ ಬೆಂಗಳೂರಿನದು. ರಾಜೇಶ್ ರಾವ್ 1997ರಲ್ಲಿ ಕಟ್ಟಿದ ಧ್ರುವ ಇಂಟರ‍್ಯಾಕ್ಟಿವ್ ಭಾರತದ ಮೊದಲ ಗೇಮ್ ಕಂಪನಿಗಳಲ್ಲಿ ಒಂದು. ಫ್ರಾನ್ಸಿನ ಇನ್ಫೋಗ್ರಾಮ್ಸ್‌ಗಾಗಿ ಅದು 'ಮಿಷನ್ ಇಂಪಾಸಿಬಲ್' ಗೇಮಿನ ಪಿಸಿ ಆವೃತ್ತಿಯ ಕೆಲಸ ಹಿಡಿಯಿತು. ನಿಂಟೆಂಡೊ 64ಕ್ಕೆ 1998ರಲ್ಲಿ, ಪ್ಲೇಸ್ಟೇಷನ್ನಿಗೆ 1999ರಲ್ಲಿ ಆ ಗೇಮು ಬಂತು. ಪಿಸಿಗೆ ಬರಲೇ ಇಲ್ಲ. ಧ್ರುವ ಕಂಪನಿಯನ್ನು 2019ರಲ್ಲಿ ರಾಕ್‌ಸ್ಟಾರ್ ಕೊಂಡಿತು.

ಈಗ ಕೆಲಸದ ಮಾತಿಗೆ ಬರೋಣ. ಟೇಪಿನಲ್ಲಿ ಗೇಮು ಹೇಗೆ ಕೂತಿರುತ್ತದೆ ಎಂದು ತಿಳಿದರೆ, ತೆಗೆಯುವ ಬಗೆ ಅರ್ಧ ತಿಳಿದಂತೆಯೇ.

ಸ್ಪೆಕ್ಟ್ರಮ್ಮಿನ ಲೆಕ್ಕ ಹಿಡಿಯೋಣ. ಅದರ ಪ್ರೊಸೆಸರಿನ ಗಡಿಯಾರ ಸೆಕೆಂಡಿಗೆ 35 ಲಕ್ಷ ಸಲ ಮಿಡಿಯುತ್ತದೆ. ಸೊನ್ನೆಯನ್ನು ಬರೆಯಬೇಕಾದಾಗ 855 ಮಿಡಿತದಷ್ಟು ಉದ್ದದ ಎರಡು ತುಡಿತಗಳನ್ನು ಟೇಪಿಗೆ ಕಳಿಸುತ್ತದೆ. ಒಂದನ್ನು ಬರೆಯಬೇಕಾದಾಗ ಅದರ ದುಪ್ಪಟ್ಟು, 1710 ಮಿಡಿತದ ಎರಡು ತುಡಿತ. ಅಂದರೆ ಸೊನ್ನೆ ಚುಟುಕು, ಒಂದು ದೀರ್ಘ. ನಮ್ಮ ಲಘು ಗುರುಗಳೇ: ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಹಳೆಗನ್ನಡದ ಪದ್ಯಕ್ಕೆ ಪ್ರಸ್ತಾರ ಹಾಕಿ ಬಲ್ಲವರಿಗೆ ಈ ಕೂಗಾಟದ ವ್ಯಾಕರಣ ಹೊಸದಲ್ಲ. ಕಿವಿಗೆ ಮಾತ್ರ ಅದು ಕರ್ಕಶ ಕಿರುಚಾಟ.

ಆ ಕಿರುಚಾಟಕ್ಕೆ ಮುಂಚೆ ಒಂದೇ ಶ್ರುತಿಯ ಉದ್ದನೆಯ ಸ್ವರ ಬರುತ್ತದೆ, ಸುಮಾರು 5 ಸೆಕೆಂಡು. ಕಡತ ಬರುತ್ತಿದೆ ಎಂಬುದು ಯಂತ್ರಕ್ಕೆ ತಿಳಿಯಲಿ ಎಂದು. ಆಗ ಟಿವಿ ಪರದೆಯ ಅಂಚಿನಲ್ಲಿ ಕೆಂಪು ಮತ್ತು ತಿಳಿನೀಲಿ ಪಟ್ಟೆಗಳು ಹರಿಯುತ್ತವೆ. ಆಮೇಲೆ 17 ಬೈಟುಗಳ ತಲೆಬರಹ: ಇದು ಯಾವ ಜಾತಿಯ ಕಡತ, ಅದರ ಹೆಸರು (10 ಅಕ್ಷರಕ್ಕಿಂತ ಹೆಚ್ಚಿಲ್ಲ), ಎಷ್ಟು ಉದ್ದ, ಎಲ್ಲಿಂದ ಶುರು. ಮತ್ತೆ ಚಿಕ್ಕ ಸ್ವರ, ನಂತರ ನಿಜವಾದ ಸರಕು. ಅಂಚಿನ ಪಟ್ಟೆಗಳು ಈಗ ನೀಲಿ ಮತ್ತು ಹಳದಿ. 48 ಕೆಬಿ ಪೂರ್ತಿ ತುಂಬಲು 5 ನಿಮಿಷಕ್ಕೆ ತುಸು ಕಡಿಮೆ. ಕೊನೆಗೆ ಒಂದೇ ಒಂದು ತಾಳೆಯ ಬೈಟು. ಬಂದದ್ದನ್ನೆಲ್ಲ ಕೂಡಿಸಿ ನೋಡಿ ಅದಕ್ಕೆ ತಾಳೆಯಾದರೆ ಸರಿ, ಇಲ್ಲವಾದರೆ ಲೋಡಿಂಗ್ ದೋಷ ಎಂದು ಹೇಳಿ ಯಂತ್ರ ಕೈಯೆತ್ತುತ್ತದೆ. ಎಲ್ಲಿ ತಪ್ಪಾಯಿತು ಎಂದು ಅದು ಹೇಳುವುದಿಲ್ಲ. 4 ನಿಮಿಷ 50ನೇ ಸೆಕೆಂಡಿನಲ್ಲಿ ಹೀಗಾದರೆ ಹುಡುಗರು ಆಡುತ್ತಿದ್ದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಇಷ್ಟರಿಂದ ಎರಡು ಸಂಗತಿ ತಿಳಿಯುತ್ತವೆ. ಟೇಪಿನಲ್ಲಿರುವುದು ಶಬ್ದ, ಆದ್ದರಿಂದ ಅದನ್ನು ತೆಗೆಯಲು ಹಳೆಯ ಕಂಪ್ಯೂಟರ್ ಬೇಕೇ ಇಲ್ಲ, ಒಳ್ಳೆಯ ಟೇಪ್ ಡೆಕ್ ಸಾಕು. ಇನ್ನೊಂದು, ಲಘು ಗುರುಗಳ ವ್ಯತ್ಯಾಸ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ಕಡಿಮೆ. ಟೇಪು ತೀರಾ ಎಳೆದಾಡಿದರೆ ಸೊನ್ನೆ ಒಂದಾಗಬಹುದು.

ಹೊರತೆಗೆಯುವ ಕ್ರಮ ಹೀಗೆ. ಕ್ಯಾಸೆಟ್ಟಿನ ಹಿಂಬದಿಯ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳನ್ನು ಮೊದಲು ಮುರಿಯಿರಿ. ಆಗ ಅಪ್ಪಿತಪ್ಪಿ ಅದರ ಮೇಲೆ ರೆಕಾರ್ಡ್ ಮಾಡಲಾಗದು. ಕಿಟಕಿಯಲ್ಲಿ ನೋಡಿ: ಟೇಪಿನ ಸುರುಳಿಯ ಮೇಲೆ ಬಿಳಿ ಬೂಷ್ಟು ಕಂಡರೆ ಓಡಿಸಬೇಡಿ. ಟೇಪನ್ನು ಹೆಡ್ಡಿಗೆ ಒತ್ತುವ ಪುಟ್ಟ ಮೆತ್ತೆ ಜಾಗದಲ್ಲಿ ಇದೆಯೋ ನೋಡಿ. ಹಳೆಯ ಕ್ಯಾಸೆಟ್ಟುಗಳಲ್ಲಿ ಅದರ ಅಂಟು ಒಣಗಿ ಉದುರಿರುತ್ತದೆ, ಅಲ್ಲಾಡಿಸಿದರೆ ಲಟಲಟ ಅನ್ನುವುದು ಅದೇ. ಮಾಮಾ ಕಿವಿಗೆ ಹಿಡಿದು ನೋಡಿದ್ದು ಅದಕ್ಕೆ. ಹಾಗಾಗಿದ್ದರೆ ಸ್ಕ್ರೂ ಇರುವ ಬೇರೊಂದು ಕ್ಯಾಸೆಟ್ಟಿನ ಕವಚ ಬಿಚ್ಚಿ, ಟೇಪಿನ ಎರಡೂ ಸುರುಳಿಗಳನ್ನು ಅದಕ್ಕೆ ವರ್ಗಾಯಿಸಬೇಕು. ಭಜನೆಯ ಹಳೆ ಕ್ಯಾಸೆಟ್ಟಿನ ಕವಚವಾದರೂ ನಡೆಯುತ್ತದೆ.

ಡೆಕ್ಕಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ. ನಿಮಗೆ ಬೇಡವಾದ ಹಾಡಿನ ಕ್ಯಾಸೆಟ್ ಒಂದನ್ನು ಹಾಕಿ ಡೆಕ್ ಟೇಪ್ ತಿನ್ನುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಇದೇ ನಿಮ್ಮ ಕಂದೀಲು. ಆಮೇಲೆ ಬೆಲೆಯುಳ್ಳ ಕ್ಯಾಸೆಟ್ಟನ್ನು ಹಾಕಿ, ಒಮ್ಮೆ ಮುಂದಕ್ಕೆ ಒಮ್ಮೆ ಹಿಂದಕ್ಕೆ ಪೂರ್ತಿ ಸುತ್ತಿ ಬಿಗಿ ಸಡಿಲಿಸಿ.

ಮುಂದಿನದು ಸೂಕ್ಷ್ಮದ ಕೆಲಸ. ಹೆಡ್ಡಿನ ಪಕ್ಕದಲ್ಲಿ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಹೆಡ್ಡು ಟೇಪಿಗೆ ಎಷ್ಟು ನೆಟ್ಟಗೆ ನಿಂತಿದೆ ಎಂಬುದನ್ನು ಅದು ತೀರ್ಮಾನಿಸುತ್ತದೆ. ನಿಮ್ಮ ಕ್ಯಾಸೆಟ್ ರೆಕಾರ್ಡ್ ಆದ ಯಂತ್ರದ ಹೆಡ್ಡು ತುಸು ಓರೆಯಾಗಿ ನಿಂತಿದ್ದಿರಬಹುದು. ನಿಮ್ಮ ಡೆಕ್ಕಿನದು ನೆಟ್ಟಗಿದ್ದರೆ ಸದ್ದು ಮಂಕಾಗಿ, ಕಂಬಳಿ ಹೊದ್ದಂತೆ ಕೇಳುತ್ತದೆ. ಕೂದಲೆಳೆಯಷ್ಟು ತಿರುಗಿಸುತ್ತಾ ಹೋಗಿ, ಕಿರುಚಾಟ ಅತ್ಯಂತ ಚುರುಕಾಗಿ ಕೇಳುವ ಜಾಗದಲ್ಲಿ ನಿಲ್ಲಿಸಬೇಕು. ಮಿರಜದಲ್ಲಿ ಸಿತಾರ್ ಮಾಡುವವರು ಕುದುರೆಯನ್ನು ಉಜ್ಜಿ ಉಜ್ಜಿ ಜವಾರಿ ತೆಗೆಯುತ್ತಾರಲ್ಲ, ತಂತಿಯ ನಾದ ಬಿಚ್ಚಿಕೊಳ್ಳುವ ಆ ಒಂದು ಬಿಂದು ಕಿವಿಗಷ್ಟೇ ಗೊತ್ತು. ಇಲ್ಲಿಯೂ ಹಾಗೆಯೇ. ವ್ಯತ್ಯಾಸವೆಂದರೆ ಇಲ್ಲಿ ಸಿಗುವ ನಾದವನ್ನು ಯಾರೂ ಬೈಠಕ್ಕಿನಲ್ಲಿ ಕೂತು ಕೇಳಲಾರರು.

ಡೆಕ್ಕಿನಲ್ಲಿ ಗದ್ದಲ ತಗ್ಗಿಸುವ ಡಾಲ್ಬಿ ಗುಂಡಿ ಆಫ್ ಇರಲಿ. ಕಂಪ್ಯೂಟರಿನಲ್ಲಿ ಸದ್ದಿನ ಮಟ್ಟವನ್ನು ತಾನಾಗಿಯೇ ಏರಿಸಿ ಇಳಿಸುವ, ಗದ್ದಲ ಸೋಸುವ ಸೌಲಭ್ಯಗಳೆಲ್ಲ ಆಫ್ ಇರಲಿ. 44,100 ಅಥವಾ 48,000 ಹರ್ಟ್ಸ್‌ನಲ್ಲಿ, 16 ಬಿಟ್ ವೇವ್ ಫೈಲಾಗಿ ಇಡೀ ಬದಿಯನ್ನು ಒಂದೇ ಸಲ ತುಂಬಿಕೊಳ್ಳಿ. ಎಂಪಿ3 ಕೂಡದು. ಮನುಷ್ಯರ ಕಿವಿಗೆ ಬೇಡವಾದದ್ದನ್ನು ಅದು ಬಿಸಾಡುತ್ತದೆ, ಯಂತ್ರಕ್ಕೆ ಬೇಕಾದದ್ದು ಅದರಲ್ಲೇ ಇರುತ್ತದೆ. ಸ್ಟೀರಿಯೊ ಡೆಕ್ಕಾದರೆ ಎಡ ಬಲ ಎರಡನ್ನೂ ತುಂಬಿಕೊಳ್ಳಿ. ಒಂದು ಅಂಚು ಸುಕ್ಕಾಗಿದ್ದರೆ ಇನ್ನೊಂದು ಉಳಿದಿರುತ್ತದೆ. ಇಷ್ಟೆಲ್ಲ ಆಗುವವರೆಗೆ ಗೇಮ್ ಆಡಲು ಹೋಗಬೇಡಿ. ತುಂಬಿಕೊಂಡ ಆ ಮೊದಲ ಫೈಲನ್ನು ತಿದ್ದದೆ, ಕತ್ತರಿಸದೆ ಎರಡು ಕಡೆ ಇಡಿ.

ಆ ಫೈಲಿನಿಂದ ಲಘು ಗುರುಗಳನ್ನು ಓದಿ ಪ್ರೋಗ್ರಾಮ್ ಮಾಡಿ ಕೊಡುವ ಉಚಿತ ಉಪಕರಣಗಳಿವೆ. ಹಳೆಯ ಸ್ಪೆಕ್ಟ್ರಮ್ಮಿನಂತೆ ನಟಿಸುವ 'ಫ್ಯೂಸ್' ಎಂಬ ಎಮ್ಯುಲೇಟರಿನ ಜತೆಗಾರ ಉಪಕರಣಗಳಲ್ಲಿ ಒಂದು ಈ ಕೆಲಸಕ್ಕೇ ಇದೆ. ಓದಿದ್ದು ತಾಳೆಯಾಗದಿದ್ದರೆ ಸ್ಕ್ರೂ ಬೇರೆ ಜಾಗದಲ್ಲಿಟ್ಟು ಮತ್ತೊಮ್ಮೆ ತುಂಬಿಕೊಳ್ಳಿ, ಎರಡು ಓದುಗಳನ್ನು ಹೋಲಿಸಿ. ತಪ್ಪುಗಳು ಸಾಮಾನ್ಯವಾಗಿ ಒಂದೇ ಜಾಗದಲ್ಲಿ ಬೀಳುವುದಿಲ್ಲ. ಆ ಕಾಲದವರು ಭಯಕ್ಕೆ ಒಂದೇ ಪ್ರೋಗ್ರಾಮನ್ನು ಎರಡೆರಡು ಸಲ, ಎರಡೂ ಬದಿಗೆ ತುಂಬುತ್ತಿದ್ದರು, ಅದನ್ನೂ ಹುಡುಕಿ. ಒಂದು ಸಮಾಧಾನವೆಂದರೆ, ಕಂಪನಿಗಳ ಗೇಮಿನಲ್ಲಿ ನಕಲು ತಡೆಯುವ ಚಿತ್ರವಿಚಿತ್ರ ಲೋಡರುಗಳಿರುತ್ತವೆ. ಮನೆಯಲ್ಲಿ ಬರೆದ ಗೇಮು ಮಾಮೂಲಿ ಸೇವ್ ಆದೇಶದಿಂದ ತುಂಬಿದ್ದು, ಅದನ್ನು ಓದುವುದು ಸುಲಭ.

ಹೊಳೆ ನೀರು ಕುಡಿದ ಕ್ಯಾಸೆಟ್ಟಿನ ಗತಿ? 2005, 2019, 2021, ಮೂರು ಪೂರ ಕಂಡ ಊರಿನವರಿಗೆ ಇದು ಪುಸ್ತಕದ ಪ್ರಶ್ನೆಯಲ್ಲ. ಬಿಸಿಲಿಗೆ ಹಾಕಬೇಡಿ, ಹೇರ್ ಡ್ರೈಯರ್ ಹಿಡಿಯಬೇಡಿ. ಹೊಳೆಯ ನೀರಿಗಿಂತ ಅದರ ರಾಡಿ ಅಪಾಯ. ಒಣಗಿದ ಮೇಲೆ ಅದು ಉಪ್ಪುಕಾಗದದಂತೆ ಹೆಡ್ಡನ್ನೂ ಟೇಪನ್ನೂ ಕೆರೆಯುತ್ತದೆ. ಕವಚ ಬಿಚ್ಚಿ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ಸುರುಳಿಯನ್ನು ತೊಳೆದು, ನೆರಳಲ್ಲಿ ಗಾಳಿಗೆ ಆರಿಸಿ, ಹೊಸ ಕವಚಕ್ಕೆ ಹಾಕಿ, ಒಂದೇ ಸಲ ಓಡಿಸಿ ತುಂಬಿಕೊಳ್ಳಬೇಕು. ಬೂಷ್ಟು ಹಿಡಿದಿದ್ದರೆ ಮುಖಕ್ಕೆ ಮಾಸ್ಕ್ ಇರಲಿ.

ಫ್ಲಾಪಿಯ ಬಗ್ಗೆ ಸಂಕ್ಷೇಪವಾಗಿ. ಐದೂಕಾಲು ಇಂಚಿನ ಫ್ಲಾಪಿಯಲ್ಲಿ ಅಂಚಿನ ಕಚ್ಚನ್ನು ಮುಚ್ಚಿದರೆ ಬರೆಯಲಾಗದು. ಮೂರೂವರೆ ಇಂಚಿನದರಲ್ಲಿ ಉಲ್ಟಾ, ಮೂಲೆಯ ಕಿಂಡಿ ತೆರೆದಿದ್ದರೆ ಬರೆಯಲಾಗದು. ಇದನ್ನು ಮರೆತು ಎಷ್ಟೋ ಜನ ಅಳಿಸಿಕೊಂಡಿದ್ದಾರೆ. ಈಗಿನ ಕಂಪ್ಯೂಟರಿನ ಯುಎಸ್‌ಬಿ ಫ್ಲಾಪಿ ಡ್ರೈವಿನಿಂದ ಬಿಬಿಸಿ ಮೈಕ್ರೊದ ಡಿಸ್ಕು ಓದಲಾಗದು. 'ಗ್ರೀಸ್‌ವೀಜಲ್' ಎಂಬ ಪುಟ್ಟ ಹಲಗೆಯೊಂದಿದೆ. ಹಳೆಯ ಡ್ರೈವಿಗೆ ಅದನ್ನು ಜೋಡಿಸಿದರೆ ಡಿಸ್ಕಿನ ಮೇಲಿನ ಕಾಂತತ್ವ ಎಲ್ಲೆಲ್ಲಿ ಬದಲಾಯಿತು ಎಂಬುದನ್ನು ಅರ್ಥ ಮಾಡಿಕೊಳ್ಳಲು ಹೋಗದೆ ಇದ್ದಂತೆಯೇ ಬರೆದುಕೊಳ್ಳುತ್ತದೆ. ಅರ್ಥ ಆಮೇಲೆ ನಿಧಾನವಾಗಿ ಬಿಡಿಸಿಕೊಳ್ಳಬಹುದು. ಹೀಗೆ ತೆಗೆದರೆ ಅಳಿಸಿದ ಕಡತಗಳೂ ಸಿಗಬಹುದು: ಡಿಸ್ಕಿನಲ್ಲಿ 'ಅಳಿಸು' ಅಂದರೆ ಪಟ್ಟಿಯಿಂದ ಹೆಸರು ಹೊಡೆದಂತೆ ಅಷ್ಟೇ, ಮೇಲೆ ಬೇರೆ ಬರೆಯುವವರೆಗೆ ಸರಕು ಅಲ್ಲೇ ಇರುತ್ತದೆ. ಅರ್ಧಕ್ಕೆ ಬಿಟ್ಟ ಗೇಮುಗಳು ಕೂತಿರುವುದು ಇಂಥ ಮೂಲೆಗಳಲ್ಲೇ.

ಇನ್ನು ಟಿವಿ ಗೇಮಿನ ಡಬ್ಬಿ. 'ಸಮುರಾಯ್', 'ಲಿಟ್ಲ್ ಮಾಸ್ಟರ್' ಎಂದೆಲ್ಲ ನಮ್ಮ ಕಡೆ ಬಂದವು 1983ರ ನಿಂಟೆಂಡೊ ಫ್ಯಾಮಿಕಾಮ್ ಯಂತ್ರದ ನಕಲುಗಳು. ಡಬ್ಬಿಯ ಬಾಯಲ್ಲಿ 60 ತಾಮ್ರದ ಹಲ್ಲುಗಳಿರುತ್ತವೆ. ಅಮೆರಿಕದ ನಿಂಟೆಂಡೊದಲ್ಲಿ 72. ಆಡದಿದ್ದರೆ ಊದುವುದು ಎಲ್ಲರೂ ಕಲಿತ ವಿದ್ಯೆ. ಆದರೆ ಬಾಯಿಯ ತೇವಕ್ಕೆ ಹಲ್ಲುಗಳು ಕಿಲುಬು ಹಿಡಿಯುತ್ತವೆ. ಊದಿದಾಗ ಸರಿಹೋಗುತ್ತಿದ್ದುದು ಉಸಿರಿನಿಂದಲ್ಲ, ತೆಗೆದು ಮತ್ತೆ ಚುಚ್ಚಿದ್ದರಿಂದ. ಹತ್ತಿಗೆ ಐಸೊಪ್ರೊಪೈಲ್ ಹಚ್ಚಿ ಒರೆಸಿ, ಸಾಕು.

ಡಬ್ಬಿ ಬಿಚ್ಚಿದರೆ ಒಳಗೆ ಕಪ್ಪು ಡಾಂಬರಿನ ಬೊಟ್ಟಿನಂಥದ್ದು ಕಂಡರೆ ಅದು ಅಗ್ಗದ ಕಾರ್ಖಾನೆ ಸರಕು. ಚಿಪ್ಪನ್ನು ಹಲಗೆಗೆ ನೇರ ಕೂರಿಸಿ ಮೇಲೆ ಅಂಟು ಸುರಿದಿದ್ದಾರೆ. ಬದಲಿಗೆ ನಡುವೆ ಗಾಜಿನ ಕಿಟಕಿ ಇರುವ ಚಿಪ್ ಕಂಡರೆ ಎದೆ ತುಸು ಹೊಡೆದುಕೊಳ್ಳಲಿ. ಅದು ಇಪ್ರಾಮ್. ಬರೆದು, ಅಳಿಸಿ, ಮತ್ತೆ ಬರೆಯಬಹುದಾದ ಚಿಪ್. ತಯಾರಕರು ಗೇಮನ್ನು ಪರೀಕ್ಷಿಸಲು ಬಳಸುತ್ತಿದ್ದುದು ಇದನ್ನೇ, ಬಿಡುಗಡೆಯಾಗದ ಎಷ್ಟೋ ಗೇಮುಗಳು ಸಿಕ್ಕಿದ್ದು ಇದರಲ್ಲೇ. ಆ ಕಿಟಕಿ ಇರುವುದು ಅಳಿಸಲು: ನೇರಳಾತೀತ ಬೆಳಕಿಗೆ ಹದಿನೈದಿಪ್ಪತ್ತು ನಿಮಿಷ ಹಿಡಿದರೆ ಒಳಗಿನದು ಹೋಗುತ್ತದೆ. ನೇರ ಬಿಸಿಲಲ್ಲಿ ಸುಮಾರು ಒಂದು ವಾರ ಸಾಕು, ಟ್ಯೂಬ್‌ಲೈಟಿನ ಕೆಳಗೆ ಸುಮಾರು ಮೂರು ವರ್ಷ. ಆದ್ದರಿಂದ ಕಿಟಕಿಯ ಮೇಲಿನ ಹಳೆಯ ಚೀಟಿಯನ್ನು 'ಏನಿದೆ ನೋಡೋಣ' ಎಂದು ಕೀಳಬೇಡಿ. ಚೀಟಿ ಇಲ್ಲದಿದ್ದರೆ ಬೆಳಕು ತೂರದ ಪಟ್ಟಿಯನ್ನು ಮೊದಲು ಅಂಟಿಸಿ. ಚೀಟಿಯ ಮೇಲೆ ಪೆನ್ನಿನಲ್ಲಿ ಬರೆದ ತಾರೀಖಿದ್ದರೆ ಅದರ ಫೋಟೊ ತೆಗೆಯಿರಿ. ಎಷ್ಟೋ ಸಲ ಆ ಗೇಮಿಗೆ ಇರುವ ಜನ್ಮಪತ್ರಿಕೆ ಅದೊಂದೇ.

ಓದುವಾಗಿನ ತೊಡಕು ಬೇರೆ. ಫ್ಯಾಮಿಕಾಮಿನಲ್ಲಿ ಪ್ರೋಗ್ರಾಮ್ ಒಂದು ಚಿಪ್ಪಿನಲ್ಲಿ, ಚಿತ್ರಗಳು ಇನ್ನೊಂದರಲ್ಲಿ. 'ಸೂಪರ್ ಮಾರಿಯೊ'ದಲ್ಲಿ ಮೊದಲನೆಯದು 32 ಕೆಬಿ, ಎರಡನೆಯದು 8 ಕೆಬಿ. ಇಡೀ ಗೇಮು ಈಗಿನ ಒಂದು ಫೋಟೊಗಿಂತ ಚಿಕ್ಕದು. ದೊಡ್ಡ ಗೇಮುಗಳಲ್ಲಿ ಮಾಹಿತಿಯನ್ನು ಕಂತು ಕಂತಾಗಿ ಯಂತ್ರದ ಮುಂದೆ ಹಿಡಿಯುವ ಮ್ಯಾಪರ್ ಎಂಬ ವ್ಯವಸ್ಥೆ ಇರುತ್ತದೆ. ಕಿರಾಣಿ ಅಂಗಡಿಯವನು ಒಂದೊಂದೇ ಖಾನೆ ಎಳೆದು ತೋರಿಸಿದಂತೆ. ಯಾವ ಖಾನೆ ಎಳೆಯಲು ಯಾವ ಸಂಜ್ಞೆ ಎಂದು ತಿಳಿಯದೆ ಓದಿದರೆ ಮೊದಲ ಖಾನೆಯೇ ಮತ್ತೆ ಮತ್ತೆ ಸಿಗುತ್ತದೆ. ನಮ್ಮ '9999 ಇನ್ 1' ಡಬ್ಬಿಗಳನ್ನು ಮಾಡಿದವರು ತಮಗೆ ತೋಚಿದ ಮ್ಯಾಪರ್ ಹಾಕಿದ್ದಾರೆ, ಎಲ್ಲೂ ಬರೆದಿಟ್ಟಿಲ್ಲ. ಒಳಗಿರುವುದು ಹೆಚ್ಚಾಗಿ ಬೆರಳೆಣಿಕೆಯ ಗೇಮು, ಅವೇ ಬೇರೆ ಬೇರೆ ಹೆಸರಲ್ಲಿ. ಆದರೂ ಇವುಗಳನ್ನು ಕಸಕ್ಕೆ ಹಾಕಬಾರದು ಎಂದೇ ನನ್ನ ಅಭಿಪ್ರಾಯ. ಮಾರಿಯೊನ ಮುಖ ಬದಲಿಸಿ, ಹಂತ ಬದಲಿಸಿ ಯಾರೋ ಮಾಡಿದ ತಿದ್ದುಪಡಿಗಳಿಗೆ ಬೇರೆ ದಾಖಲೆ ಇಲ್ಲ.

ಸಿಕ್ಕದ್ದು ನಿಜಕ್ಕೂ ಹೊಸದೋ, ಊರೆಲ್ಲ ಇರುವ ಗೇಮೋ ಎಂದು ತಿಳಿಯಲು ಬೆರಳಚ್ಚಿನ ವಿದ್ಯೆ ಇದೆ. ಫೈಲಿನ ಎಲ್ಲ ಬೈಟುಗಳನ್ನೂ ಒಂದು ಸೂತ್ರಕ್ಕೆ ಹಾಕಿ ಅರೆದರೆ ಒಂದು ಸಂಖ್ಯೆ ಬರುತ್ತದೆ. ಒಂದೇ ಒಂದು ಬಿಟ್ ಬೇರೆಯಾದರೂ ಸಂಖ್ಯೆ ಪೂರ್ತಿ ಬೇರೆ. ತಿಳಿದಿರುವ ಗೇಮುಗಳ ಬೆರಳಚ್ಚಿನ ಪಟ್ಟಿಗಳನ್ನು 'ನೊ-ಇಂಟ್ರೊ' ಮುಂತಾದವರು ಇಟ್ಟಿದ್ದಾರೆ. ಪಟ್ಟಿಯಲ್ಲಿ ಇಲ್ಲವೆಂದ ಮಾತ್ರಕ್ಕೆ ಹಿಗ್ಗಬೇಡಿ: ಬಹುತೇಕ ಅದು ತಪ್ಪಾಗಿ ಓದಿದ ಹಳೆಯ ಗೇಮೇ ಆಗಿರುತ್ತದೆ. ಎರಡು ಸಲ ಪ್ರತ್ಯೇಕವಾಗಿ ಓದಿ, ಎರಡರ ಬೆರಳಚ್ಚೂ ಒಂದೇ ಆದ ಮೇಲೆ ಹಿಗ್ಗಬಹುದು.

ಬೇಸಿಕ್ಕಿನಲ್ಲಿ ಬರೆದ ಗೇಮಾದರೆ ಸಾಲುಗಳನ್ನೇ ಓದಿ. ಬರೆದವರು ಟಿಪ್ಪಣಿಗೆಂದೇ ಇರುವ ರೆಮ್ ಎಂಬ ಸಾಲುಗಳಲ್ಲಿ ತಮ್ಮ ಹೆಸರು, ಊರು, ತಾರೀಖು ಬಿಟ್ಟಿರುತ್ತಾರೆ. ಆ ಕಾಲದ ಪತ್ರಿಕೆಗಳು ಪ್ರೋಗ್ರಾಮಿನ ಸಾಲುಗಳನ್ನು ಅಚ್ಚು ಹಾಕುತ್ತಿದ್ದವು, ಓದುಗರು ಅದನ್ನು ನೋಡಿ ಟೈಪ್ ಮಾಡುತ್ತಿದ್ದರು. ಅಚ್ಚಾದದ್ದು ಉಳಿಯಿತು. ನಾಟಕದ ಕತೆಯೂ ಇದೇ. ಹರಿಪುರದ ಗೋವಿಂದ ಬಲ್ಲಾಳ ದೇವಲರ ನಾಟಕ 'ಸಂಗೀತ ಶಾರದಾ' 1899ರದು, ಪುಸ್ತಕವಿದೆ, ಇವತ್ತೂ ಆಡುತ್ತಾರೆ. ಅದಕ್ಕೂ ಮೊದಲು, ಕರ್ಕಿಯ ಯಕ್ಷಗಾನ ಮೇಳ ಸಾಂಗ್ಲಿಗೆ ಬಂದು ಆಡಿದ ಆಟವೇ 1843ರಲ್ಲಿ ವಿಷ್ಣುದಾಸ ಭಾವೆಯವರ 'ಸೀತಾ ಸ್ವಯಂವರ' ನಾಟಕಕ್ಕೆ ಪ್ರೇರಣೆ. ಆದರೆ ಆ ಮೇಳದವರು ಆ ರಾತ್ರಿ ಆಡಿದ ಮಾತು ಯಾರ ಬಳಿಯೂ ಇಲ್ಲ. ಬೇಸಿಕ್ ಸಾಲುಗಳನ್ನು ಕಾಗದದ ಮೇಲೆ ಪ್ರಿಂಟ್ ತೆಗೆದು ಕ್ಯಾಸೆಟ್ಟಿನ ಜತೆ ಇಡಿ ಎಂದು ನಾನು ಹೇಳುವುದು ಅದಕ್ಕೇ.

ಕಾನೂನಿನ ಮಾತು. ಕಂಪನಿ ಮುಚ್ಚಿದರೂ ಗೇಮಿನ ಹಕ್ಕು ಸಾಯುವುದಿಲ್ಲ. ಭಾರತದಲ್ಲಿ ಕಂಪ್ಯೂಟರ್ ಪ್ರೋಗ್ರಾಮು ಸಾಹಿತ್ಯ ಕೃತಿಯ ಲೆಕ್ಕ, ಕರ್ತೃ ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು, ನ್ಯಾಯವಾಗಿ ನಿಮ್ಮ ಕೈಯಲ್ಲಿರುವ ಪ್ರೋಗ್ರಾಮು ಹಾಳಾಗದಂತೆ ಕಾಪು ಪ್ರತಿ ಮಾಡಿಕೊಳ್ಳಲು ಬಿಡುತ್ತದೆ, ಹಂಚಲು ಬಿಡುವುದಿಲ್ಲ. ಹಕ್ಕುದಾರರು ಯಾರೆಂದೇ ತಿಳಿಯದ ಅಪ್ರಕಟಿತ ಕೃತಿಯನ್ನು ಪ್ರಕಟಿಸಲು ಪರವಾನಗಿ ಕೇಳುವ ದಾರಿ 31ಎ ಕಲಮಿನಲ್ಲಿದೆ. ನಿಮ್ಮ ಮಾವನೋ ಅಕ್ಕನೋ ಶಾಲೆಯಲ್ಲಿ ಬರೆದದ್ದಾದರೆ ಇಷ್ಟು ದೂರ ಹೋಗಬೇಕಿಲ್ಲ. ಅವರನ್ನು ಕೇಳಿ. ಒಂದು ಕಾಗದದ ಮೇಲೆ ಒಪ್ಪಿಗೆ ಬರೆಸಿಕೊಳ್ಳಿ, ಯಾವ ಯಂತ್ರ, ಯಾವ ವರ್ಷ, ಏಕೆ ಅರ್ಧಕ್ಕೆ ಬಿಟ್ಟರು ಎಂಬುದನ್ನೂ ಅದರಲ್ಲೇ ಬರೆದುಕೊಳ್ಳಿ.

ಈ ಬೇಸಿಗೆಯಲ್ಲಿ ಒಮ್ಮೆ ಅಟ್ಟ ಹತ್ತಿ ನೋಡಿ. ಕೈಬರಹದ ಚೀಟಿ ಇರುವ ಕ್ಯಾಸೆಟ್, 'ಗೇಮ್ಸ್' ಎಂದು ಬರೆದ ಫ್ಲಾಪಿ, ಕವಚ ಒಡೆದ ಟಿವಿ ಗೇಮ್ ಡಬ್ಬಿ ಸಿಕ್ಕರೆ ಗುಜರಿಗೆ ಹಾಕಬೇಡಿ, ಓಡಿಸಲೂ ಹೋಗಬೇಡಿ. ಫೋಟೊ ತೆಗೆದು, ಬಟ್ಟೆಯಲ್ಲಿ ಸುತ್ತಿ, ಸ್ಪೀಕರ್ ಮತ್ತು ಮೋಟಾರಿನಿಂದ ದೂರ ಇಡಿ. ಹೊಳೆ ದಂಡೆಯ ಊರಿನವರಾದರೆ ಇನ್ನೊಂದು: 2019ರ ಆಗಸ್ಟಿನಲ್ಲಿ ಸಾಂಗ್ಲಿಯ ಅಯರ್ವಿನ್ ಸೇತುವೆಯ ಬಳಿ ಕೃಷ್ಣೆ 57 ಅಡಿ ದಾಟಿತ್ತು. ಟ್ರಂಕು ಆ ಗುರುತಿಗಿಂತ ಮೇಲಿರಲಿ.